ಕಲ್ಲಿನ ಮುಖಕ್ಕೆ ಮಾವನ ಮೂಗು

ತದ್ಮೋರ್
ಆದಾರ್ ತಿಂಗಳ ೧೦, ವರ್ಷ ೫೮೨

ದಾನೂಬ್ ನದಿಯ ಕೋಟೆಯಲ್ಲಿ ರೋಮನರ ಬಿಲ್ಲುಗಾರನಾಗಿರುವ, ನಮ್ಮಕ್ಕನ ಮಗ ಚಿರಂಜೀವಿ ಒಗೈಲುವಿಗೆ ಸೋದರಮಾವ ಬೋಲ್ಹಾನ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಅಲ್ಲಿ ನೀನು ತೀರಿಕೊಂಡಿದ್ದೀಯೆ.

ಗಾಬರಿಯಾಗಬೇಡ ಅಳಿಯಪ್ಪ, ಚೆನ್ನಾಗಿಯೇ ತೀರಿಕೊಂಡಿದ್ದೀಯೆ. ನಮ್ಮ ಬೀದಿಯಲ್ಲಿ ಈ ನಲವತ್ತು ವರ್ಷದಲ್ಲಿ ಇಷ್ಟು ಭರ್ಜರಿಯಾಗಿ ಯಾರೂ ಸತ್ತಿಲ್ಲ. ಮೇಲೆ 'ಚಿರಂಜೀವಿ' ಎಂದು ಬರೆಯುವಾಗ ನನಗೇ ನಗು ತಡೆಯಲಾಗಲಿಲ್ಲ.

ನಡೆದದ್ದು ಹೀಗೆ. ನಮ್ಮ ತದ್ಮೋರಿನ ರಾಣಿ ರೋಮಿನ ಕೈಯಿಂದ ಈಜಿಪ್ಟನ್ನು ಕಿತ್ತುಕೊಂಡ ಮೇಲೆ ಇಲ್ಲಿ ಗಾಳಿ ತಿರುಗಿದೆ. ಹೋದ ವರ್ಷ 'ಹುಡುಗ ರೋಮಿನ ಸೈನ್ಯದಲ್ಲಿದ್ದಾನೆ' ಎಂದರೆ ಅಂಗಡಿಯವರು ಎದ್ದು ನಿಂತು ಖರ್ಜೂರ ಕೊಡುತ್ತಿದ್ದರು. ಈಗ ಅಂಥವರ ಬಾಗಿಲಿಗೆ ಮಸಿ ಬಳಿಯುತ್ತಾರೆ. ಮಸಿ ಬಿದ್ದ ಮೂರನೆಯ ದಿನ ರಾಣಿಯ ಭಟರು ಬಂದು ಮನೆಯವರನ್ನು ಹಾಸಿಗೆಸಮೇತ ಮರಳಿಗೆ ಅಟ್ಟುತ್ತಾರೆ. ಪಕ್ಕದ ಮನೆಯ ಉಪ್ಪಿನ ನೇಶಾ ನೀರಿನ ಊಟೆಯ ಹತ್ತಿರ ಹತ್ತು ಜನರ ಮುಂದೆ ನನ್ನನ್ನು ಕೇಳಿದ, "ಏನಯ್ಯಾ ಬೋಲ್ಹಾ, ನಿನ್ನಳಿಯ ಅಲ್ಲಿ ಯಾರ ರೊಟ್ಟಿ ತಿಂತಾವ್ನೆ? ನಾಳೆ ನಮ್ಮೆದೆಗೇ ಬಾಣ ಬಿಡ್ತಾನೋ ಏನೋ!" ಮಾರನೆಯ ಬೆಳಿಗ್ಗೆ ನಮ್ಮ ಬಾಗಿಲ ಮೇಲೆ ಮಸಿ.

ನಮ್ಮ ವಂಶಕ್ಕೆ ಇದೇನು ಹೊಸದೇ? ಗ್ರೀಕರ ಕಾಲದಲ್ಲಿ ಮುತ್ತಜ್ಜನ ಅಜ್ಜ ಗ್ರೀಕ್ ಹೆಸರಿಟ್ಟುಕೊಂಡ. ಪಾರ್ಥಿಯನರ ಕಾಲದಲ್ಲಿ ಅವನ ಮಗ ಸಡಿಲ ಪಾಯಿಜಾಮ ತೊಟ್ಟ. ರೋಮನರು ಬಂದಾಗ ನಮ್ಮ ತಾತ ಪಾಯಿಜಾಮ ಕಳಚಿ ನಿಲುವಂಗಿ ಸುತ್ತಿಕೊಂಡ. ರಾಣಿಗೆ ನಾನು ನಿನ್ನ ಸಾವನ್ನು ಕೊಟ್ಟೆ.

ಅಂತಿಯೋಕದಿಂದ ಬಂದ ಒಂಟೆಯವನೊಬ್ಬನಿಗೆ ಎರಡು ತೊಗಲು ಚೀಲ ದ್ರಾಕ್ಷಾರಸ ಕುಡಿಸಿದೆ. ಅವನು ಸಂತೆಯ ನಡುವೆ ಎದೆ ಬಡಿದುಕೊಂಡು ಅತ್ತ. ನಮ್ಮೂರಿನ ವರ್ತಕರನ್ನು ಕೊಲ್ಲು ಎಂದು ರೋಮನ್ ನಾಯಕ ಆಜ್ಞೆ ಕೊಟ್ಟನಂತೆ, ನೀನು ಬಿಲ್ಲನ್ನು ತಿರುಗಿಸಿ ಅವನ ಗಂಟಲಿಗೇ ಹೊಡೆದೆಯಂತೆ. ಗುಡಿಯ ಹತ್ತಿರ ಹೇಳುವಾಗ ಒಬ್ಬ ನಾಯಕನಿದ್ದ. ಊಟೆಯ ಹತ್ತಿರ ಬರುವ ಹೊತ್ತಿಗೆ ನಾನೇ ಅವರನ್ನು ಮೂವರು ಮಾಡಿದೆ.

ಕಲ್ಲಿಲ್ಲದ ಸಾವನ್ನು ನಮ್ಮೂರು ನಂಬುವುದಿಲ್ಲವಲ್ಲ. ಶಿಲ್ಪಿ ತೈಮಾನನ್ನು ಕರೆಸಿದೆ. "ಹುಡುಗನ ಮುಖ ಹೆಂಗಿತ್ತು?" ಎಂದ. "ನನ್ ಹಂಗೇ ಕೆತ್ತು, ವಸಿ ಅಂದ ಕಮ್ಮಿ ಮಾಡು" ಎಂದೆ. ಮೂಗಿಗೆ ಬಂದಾಗ ಅವನಿಗೆ ಕಮ್ಮಿ ಮಾಡಲು ಮನಸ್ಸು ಬರಲಿಲ್ಲ, ನೋಡು! ಪಡುವಣ ಬಾಗಿಲಾಚೆ ನಮ್ಮ ವಂಶದ ಗೋಪುರವಿದೆಯಲ್ಲ, ಸತ್ತವರನ್ನು ಗೂಡಿನಲ್ಲಿಡುವ ನಿತ್ಯದ ಮನೆ, ಅದರ ನೆಲದಂತಸ್ತಿನಲ್ಲೇ ನಿನಗೆ ಗೂಡು ಕೊಟ್ಟಿದ್ದೇನೆ. ಒಳಗೆ ನಿನ್ನ ಹಳೆಯ ಚಪ್ಪಲಿ ಇಟ್ಟು ಮುಖದ ಕಲ್ಲಿನಿಂದ ಮುಚ್ಚಿಸಿದೆ. ಕಲ್ಲಿನ ಮೇಲೆ, 'ಮೊಕೀಮುವಿನ ಮಗ ಒಗೈಲು. ಮೂವರು ರೋಮನ್ ನಾಯಕರನ್ನು ಕೊಂದು ಮಡಿದವನು. ಅಯ್ಯೋ!' ಆ ಕೊನೆಯ 'ಅಯ್ಯೋ' ಎಲ್ಲರ ಕಲ್ಲಿಗೂ ಇರುವಂಥದೇ, ಬೇಸರಪಡಬೇಡ.

ನಿನ್ನ ಅಮ್ಮ ಅತ್ತದ್ದನ್ನು ನೀನು ನೋಡಬೇಕಿತ್ತು. ಭಟರೇ ಕಣ್ಣೊರೆಸಿಕೊಂಡು ಬಾಗಿಲಿನ ಮಸಿ ತೊಳೆದು ಹೋದರು. ಮನೆ ಉಳಿಯಿತು. ಗುಡಿಯ ಹಿಂದೆ ಮರಳಿನ ಮೇಲೆ ಮೂರು ವರ್ಷ ಅಕ್ಷರ ತಿದ್ದಿದ ನಿನ್ನ ಮಾವನ ತಲೆ ಹೇಗಿದೆ ನೋಡಿದೆಯಾ!

ಓದಿದ ಕೂಡಲೇ ಈ ಓಲೆಯನ್ನು ಸುಡು.

ಬೋಲ್ಹಾ


ದಾನೂಬ್ ದಡದ ಕೋಟೆ
ಸಿವಾನ್ ತಿಂಗಳ ೨, ವರ್ಷ ೫೮೨

ಪೂಜ್ಯ ಮಾವನವರಿಗೆ ಸತ್ತ ಅಳಿಯನ ನಮಸ್ಕಾರಗಳು.

ನಿಮ್ಮ ಓಲೆಯನ್ನು ಮೂರು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೆಯ ಸಲ ಸಿಟ್ಟು ಬಂತು, ಮೂರನೆಯ ಸಲ ಮನೆ ಉಳಿಯಿತಲ್ಲ ಎಂದು ನೀವಿರುವ ದಿಕ್ಕಿಗೆ ಕೈ ಮುಗಿದೆ. ನಾನು ಈವರೆಗೆ ಕೊಂದವರಲ್ಲಿ ರೋಮನ್ ನಾಯಕ ಒಬ್ಬನೂ ಇಲ್ಲ. ನಮ್ಮ ದಳನಾಯಕ ಒಳ್ಳೆಯವನೇ. ಹಿಮದಲ್ಲಿ ಬಿಲ್ಲಿನ ಹೆದೆ ನೆನೆದು ಸಡಿಲವಾದರೆ ತನ್ನ ಡೇರೆಯ ಬೆಂಕಿಯ ಹತ್ತಿರ ಒಣಗಿಸಲು ಬಿಡುತ್ತಾನೆ.

ಒಂದೇ ಒಂದು ಮಾತು. ಅಮ್ಮನ ಕಿವಿಯಲ್ಲಿ ನಿಜ ಹೇಳಿದ್ದೀರಿ ತಾನೆ? ಅವಳಿಗೆ ನಾಟಕ ಬರುವುದಿಲ್ಲ. ಪಕ್ಕದವರಿಗೆ ಹಿಟ್ಟು ಇಲ್ಲ ಎಂದು ಸುಳ್ಳು ಹೇಳಿದರೂ ಮುಖ ಕೆಂಪಾಗುವ ಹೆಂಗಸು. ಭಟರೇ ಅಳುವ ಹಾಗೆ ಅತ್ತಳೆಂದರೆ ನೀವೇ ತರಬೇತಿ ಕೊಟ್ಟಿರಬೇಕು. ಅದನ್ನು ನೆನೆದರೆ ಮತ್ತೆ ನಗು ಬರುತ್ತದೆ.

ಅವಳ ಕಾಲು ಚಳಿಗಾಲದಲ್ಲಿ ಬಿರಿಯುತ್ತದೆ. ನರಿಯ ಚರ್ಮದ ಕಾಲುಚೀಲ ಕಳಿಸಿದ್ದೇನೆ, ಈ ಬೇಸಗೆ ಕಳೆದ ಮೇಲೆ ತೊಡಲಿ. ಬದುಕಿರುವವನ ಹೆಸರಿನ ಮೇಲೆ 'ಅಯ್ಯೋ' ಇರುವುದು ಒಳ್ಳೆಯದಲ್ಲ, ಗಾಳಿ ತಣ್ಣಗಾದ ಮೇಲೆ ಕಲ್ಲನ್ನು ತೆಗೆಸಿ.

ನಿಮ್ಮ ಓಲೆಯನ್ನು ಸುಡಲು ಮನಸ್ಸಾಗಲಿಲ್ಲ. ಅದರಲ್ಲಿ ಅಮ್ಮನ ಸುದ್ದಿ ಇದೆ.

ಒಗೈಲು


ತದ್ಮೋರ್
ಏಲೂಲ್ ತಿಂಗಳ ೧೫, ವರ್ಷ ೫೮೨

ಅಳಿಯಪ್ಪಾ,

ಕಾಲುಚೀಲ ತಲುಪಿತು. ನಿನ್ನೆ ಸಂಜೆ ಅಕ್ಕ ಅದನ್ನು ತೊಟ್ಟುಕೊಂಡು ಅಂಗಳದಲ್ಲಿ ಕೂತು ನಿನ್ನನ್ನು ಬಯ್ದಳು. "ಬಡ್ಡೀಮಗ, ತಾನು ಹಿಮದಾಗೆ ಬರಿಗಾಲಲ್ಲಿ ನಿಂತು ನನಗೆ ಕಳಿಸವ್ನೆ. ಹಂದಿ ಕೊಬ್ಬು ತಿನ್ನಬೇಡ ಅಂತ ಬರಿ ಅವನ್ಗೆ" ಎಂದಳು. ಬರೆದಿದ್ದೇನೆ. ತಿನ್ನಬೇಡ. ತರಬೇತಿಯನ್ನೂ ನಾನೇ ಕೊಟ್ಟದ್ದು, ಸರಿಯಾಗಿ ಊಹಿಸಿದ್ದೀಯೆ.

ಇನ್ನು ನಿನ್ನ ಸಾವಿನ ಸಂಗತಿ. ಅದು ದಿನದಿನಕ್ಕೆ ಬೆಳೆಯುತ್ತಿದೆ! ಬೇಲ್ ದೇವರ ಗುಡಿಯ ಔತಣಕ್ಕೆ ಪೂಜಾರಿಗಳು ಮಣ್ಣಿನ ಬಿಲ್ಲೆ ಕೊಟ್ಟು ಕರೆಯುತ್ತಾರಲ್ಲ, ನನ್ನ ಜನ್ಮದಲ್ಲಿ ಒಂದು ಬಿಲ್ಲೆ ಕಂಡವನಲ್ಲ ನಾನು. ಈ ವರ್ಷ ಹನ್ನೊಂದು ಬಂದಿವೆ. 'ವೀರನ ಮಾವ' ಎಂದು ಮೇಲಿನ ಸಾಲಿನಲ್ಲಿ ಕೂರಿಸುತ್ತಾರೆ. ನಾನು ಕಥೆ ಹೇಳುತ್ತೇನೆ. ನಿನ್ನ ಗಂಟಲಿಂದ ಹೊರಟ ಕೊನೆಯ ಮಾತನ್ನೂ ಹೇಳುತ್ತೇನೆ, ಅದನ್ನು ನಾನು ಸ್ನಾನ ಮಾಡುವಾಗ ಕಟ್ಟಿದೆ, ಬಹಳ ಚೆನ್ನಾಗಿದೆ. ಹೋದ ತಿಂಗಳು ಕೇಳಿದ ಪಡ್ಡೆ ಹುಡುಗರು ಮೂವತ್ತು ಜನ ಎದ್ದು ನೇರವಾಗಿ ರಾಣಿಯ ಬಿಲ್ಲುಗಾರರ ಪಡೆಗೆ ಹೆಸರು ಕೊಟ್ಟರು. ಪಡೆಯ ಮುಖಂಡ ನನ್ನನ್ನು ತಬ್ಬಿಕೊಂಡ. ಉಪ್ಪಿನ ನೇಶಾ ನನ್ನ ಕಾಲ ಹತ್ತಿರ ಕೂತು ಮೂಳೆ ಚೀಪುತ್ತಿದ್ದ!

ಇಷ್ಟಾದ ಮೇಲೆ ಕಲ್ಲು ತೆಗೆಸು ಎನ್ನುತ್ತೀಯೆ. ಸ್ವಲ್ಪ ದಿನ ಸತ್ತಿರು ಮಹರಾಯ, ನಿನ್ನ ಗಂಟೇನು ಹೋಗುತ್ತದೆ?

ಬೋಲ್ಹಾ


ದಾನೂಬ್ ದಡದ ಕೋಟೆ
ತೇಬೆತ್ ತಿಂಗಳ ೭, ವರ್ಷ ೫೮೩

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಹುಡುಗರ ಸುದ್ದಿ ಓದಿದೆ. ಆ ಮೂವತ್ತು ಜನ ನಾಳೆ ಯಾರ ಎದುರು ನಿಲ್ಲುತ್ತಾರೆ, ಗೊತ್ತೇ? ಚಕ್ರವರ್ತಿ ಪೂರ್ವಕ್ಕೆ ಹೊರಡುತ್ತಾನೆಂದು ಕೋಟೆಯೆಲ್ಲ ಮಾತು. ತದ್ಮೋರಿನವರಾದ ನಮ್ಮ ಕೈಯಿಂದ ಬಿಲ್ಲು ಕಿತ್ತುಕೊಂಡು ಹೇಸರಗತ್ತೆ ಹೊಡೆಯಲು ಹಾಕಿದ್ದಾರೆ. ಬೇಕಾದವರು ಇಲ್ಲೇ ಉಳಿಯಬಹುದು ಎಂದಿದ್ದಾನೆ ದಳನಾಯಕ. ಉಳಿಯಬೇಕೆಂದಿದ್ದೇನೆ. ನಮ್ಮೂರಿನ ಗೋಡೆ ಒಡೆಯುವ ಕಲ್ಲು ಹೊತ್ತು ಬರುವ ಕತ್ತೆಯನ್ನು ನಾನು ಹೊಡೆಯಲಾರೆ.

ಅಮ್ಮ ಮೊದಲೆಲ್ಲ ಪ್ರತಿ ಓಲೆಯ ಕೆಳಗೆ ಹೆಬ್ಬೆರಳನ್ನು ದೀಪದ ಮಸಿಗೆ ಅದ್ದಿ ಒತ್ತುತ್ತಿದ್ದಳು. ಈಚಿನ ಎರಡು ಓಲೆಯಲ್ಲೂ ಅದಿಲ್ಲ. ಮುಂದಿನದಕ್ಕೆ ಒತ್ತಿಸಿ. ಆ ಪುಟ್ಟ ಗುರುತು ಕಂಡರೆ ಸಾಕು.

ಒಗೈಲು


ತದ್ಮೋರ್
ನೀಸಾನ್ ತಿಂಗಳ ೪, ವರ್ಷ ೫೮೩

ಅಳಿಯಪ್ಪಾ,

ಅಲ್ಲೇ ಉಳಿಯುವುದು ಒಳ್ಳೆಯ ಯೋಚನೆ. ಮನೆತನದ ಬುದ್ಧಿ ನಿನಗೂ ಸ್ವಲ್ಪ ಬಂದಿದೆ. ಇಲ್ಲಿ ಹೆದರುವಂಥದ್ದೇನೂ ಇಲ್ಲ. ನಮ್ಮ ಗೋಡೆ ನೋಡಿದರೆ ಚಕ್ರವರ್ತಿ ಟೋಪಿ ಬೀಳಿಸಿಕೊಂಡು ಓಡುತ್ತಾನೆ. ಅದರ ಒಂದು ಮೂಲೆಯನ್ನು ಕಟ್ಟುವಾಗ ಹೇಗೆ ಕಟ್ಟಬೇಕೆಂದು ನಾನೇ ಹೇಳಿಕೊಟ್ಟೆ.

ಅಕ್ಕನ ಹೆಬ್ಬೆರಳನ್ನು ಕೆಳಗೆ ಒತ್ತಿಸಿದ್ದೇನೆ. ಬೆರಳು ವಸಿ ಊದಿದೆ, ಅದಕ್ಕೇ ಗುರುತು ದೊಡ್ಡದಾಗಿ ಕಾಣುತ್ತದೆ. ಮುದುಕಿಯರಿಗೆ ಆಗುವಂಥದೇ. ಎಣ್ಣೆ ತಿಕ್ಕುತ್ತಿದ್ದೇವೆ.

ಬೋಲ್ಹಾ


ದಾನೂಬ್ ದಡದ ಕೋಟೆ
ಇಯ್ಯಾರ್ ತಿಂಗಳ ೯, ವರ್ಷ ೫೮೩

ಮಾವನವರಿಗೆ,

ಗುರುತನ್ನು ಹಳೆಯ ಓಲೆಯ ಗುರುತಿನ ಪಕ್ಕದಲ್ಲಿಟ್ಟು ನೋಡಿದೆ. ಅದರ ಎರಡರಷ್ಟಿದೆ. ನಮ್ಮ ವೈದ್ಯ ನೋಡಿ, ಕೈ ಇಷ್ಟು ಊದಿದರೆ ನೀರು ಎದೆಗೆ ಏರುತ್ತಿದೆ, ಹೆಚ್ಚು ದಿನವಿಲ್ಲ ಎಂದ. ನೀವು ಏನನ್ನೋ ಮುಚ್ಚಿಡುತ್ತಿದ್ದೀರಿ, ನನ್ನ ಮನಸ್ಸಿಗೆ ನೋವಾಗದಿರಲಿ ಎಂದೇ ಇರಬೇಕು.

ಸೈನ್ಯ ಮುಂದೆ ಹೋಗಿಯಾಗಿದೆ. ಹಿಂದಿನಿಂದ ಧಾನ್ಯ ಹೊತ್ತು ಹೊರಟಿರುವ ಹೇಸರಗತ್ತೆಗಳ ಜೊತೆ ನಾನೂ ಬರುತ್ತೇನೆಂದು ಹೆಸರು ಕೊಟ್ಟೆ. ಕತ್ತೆ ಹೊಡೆಯುತ್ತೇನೆ, ಕಲ್ಲು ಹೊರುತ್ತೇನೆ, ಏನಾದರೂ ಮಾಡುತ್ತೇನೆ. ನಾನು ಬರುವವರೆಗೆ ಅವಳನ್ನು ಹೇಗಾದರೂ ಉಳಿಸಿಕೊಳ್ಳಿ.

ಒಗೈಲು


ತದ್ಮೋರ್
ಸಿವಾನ್ ತಿಂಗಳ ೨೬, ವರ್ಷ ೫೮೩

ಲೋ, ಬರಬೇಡ!

ಅಕ್ಕ ಚೆನ್ನಾಗಿದ್ದಾಳೆ. ಊತ ಇಳಿದಿದೆ. ನಿನ್ನೆ ತಾನೇ ಹೋಗಿ ಊಟೆಯಿಂದ ನೀರು ತಂದಳು. ನೀನು ಬದುಕಿರುವುದು ಯಾರ ಕಣ್ಣಿಗಾದರೂ ಬಿದ್ದರೆ ನನ್ನ ಗತಿ ಏನು? ಹನ್ನೊಂದು ಬಿಲ್ಲೆಯ ಔತಣ ತಿಂದವನು ನಾನು! ದಿಕ್ಕುದಿಕ್ಕಿಗೆ ನಿನ್ನ ಮರಣವನ್ನು ಸಾರಿದವನು! ರೋಮನರು ಎಮೆಸಾ ಪಟ್ಟಣ ದಾಟಿದರಂತೆ, ಹುಡುಗರು ಮೂವತ್ತರಲ್ಲಿ ಇಪ್ಪತ್ತೆರಡು ಜನ ಅಲ್ಲೇ ಬಿದ್ದರಂತೆ. ಅವರ ತಾಯಂದಿರು ಬೆಳಿಗ್ಗೆಯಿಂದ ನಮ್ಮ ಬಾಗಿಲಲ್ಲಿ ಕೂತಿದ್ದಾರೆ, ಏನೂ ಕೇಳುವುದಿಲ್ಲ, ಸುಮ್ಮನೆ ಕೂತಿದ್ದಾರೆ. ನಾನು ಹಿತ್ತಿಲಿಂದ ಓಡಾಡುತ್ತಿದ್ದೇನೆ.

ಎಲ್ಲಿದ್ದೀಯೋ ಅಲ್ಲೇ ನಿಲ್ಲು. ಹಿಂದಿನ ಓಲೆಗಳನ್ನೆಲ್ಲ ಸುಟ್ಟಿದ್ದೀಯೆ ತಾನೆ?

ಬೋಲ್ಹಾ


ತದ್ಮೋರಿನ ಪಡುವಣ ಬಾಗಿಲಾಚೆ, ರೋಮನ್ ಶಿಬಿರ
ಆಬ್ ತಿಂಗಳ ೩೦, ವರ್ಷ ೫೮೩

ಮಾವನವರಿಗೆ,

ಊರು ಶರಣಾಗಿ ಐದು ದಿನವಾಯಿತು. ಹೇಸರಗತ್ತೆಯವರನ್ನು ಒಳಗೆ ಬಿಡುವುದಿಲ್ಲ. ಆದರೆ ನಮ್ಮ ಶಿಬಿರವನ್ನು ಗೋಪುರಗಳ ಕಣಿವೆಯಲ್ಲೇ ಹಾಕಿದ್ದಾರೆ. ಅಮ್ಮನನ್ನು ಕಾಣುವ ಮೊದಲು ನನ್ನನ್ನೇ ಒಂದು ಸಲ ಕಂಡುಬರೋಣ, ನಕ್ಕುಬಿಡೋಣ ಎಂದು ನಮ್ಮ ಗೋಪುರದೊಳಕ್ಕೆ ಹೋದೆ.

ನನ್ನ ಕಲ್ಲಿನ ಪಕ್ಕದಲ್ಲಿ ಇನ್ನೊಂದು ಕಲ್ಲಿದೆ. 'ಹದೀರಾ, ಒಗೈಲುವಿನ ತಾಯಿ. ಆಬ್ ತಿಂಗಳ ೨೧, ವರ್ಷ ೫೮೨. ಅಯ್ಯೋ!'

ಹೋದ ವರ್ಷದ ಆಬ್, ಮಾವ. ಏಲೂಲ್ ಹದಿನೈದಕ್ಕೆ ನೀವು ಬರೆದಿದ್ದಿರಿ, ನಿನ್ನೆ ಸಂಜೆ ಕಾಲುಚೀಲ ತೊಟ್ಟು ಬಯ್ದಳು ಎಂದು. ಆಗ ಅವಳು ಸತ್ತು ಇಪ್ಪತ್ತನಾಲ್ಕು ದಿನವಾಗಿತ್ತು. ಆ ಹೆಬ್ಬೆರಳು ಯಾರದೆಂದು ಈಗ ಕೇಳುವುದಿಲ್ಲ.

ಮುರಿದ ಕಲ್ಲುಗಳನ್ನು ಆರಿಸುತ್ತಿದ್ದ ಮುದುಕ ತೈಮಾ ನನ್ನನ್ನು ಕಂಡು ಉಳಿಯನ್ನು ಕೈಬಿಟ್ಟ. ದೆವ್ವವಲ್ಲ ಎಂದು ಮುಟ್ಟಿ ನೋಡಿದ ಮೇಲೆ ಬಾಯಿ ಬಿಟ್ಟ. "ದಿನಾ ಬರೋಳಪ್ಪ ನಿಮ್ಮವ್ವ. ಕಲ್ಲಿನ ಮುಂದೆ ಕೂತ್ಕೊಂಡು, 'ತೈಮಾ, ಇದು ನನ್ ಮಗನ ಮೂಗಲ್ಲ ಕಣೋ, ನನ್ ತಮ್ಮನ್ದು. ಇದ್ರ ಮುಂದೆ ಹೆಂಗ್ ಅಳ್ಲಿ ನಾನು? ವಸಿ ಕೆತ್ತಿ ಸರಿ ಮಾಡು' ಅನ್ನೋಳು. ಪಾಪ ಅನ್ನಿಸಿ ಉಳಿ ಎತ್ಕೊಂಡೆ. ನಿಮ್ಮಾವ ಬಂದು ತಡೆದ. 'ಸತ್ತೋರ ಮೂಗು ಊದ್ಕೊಳ್ತದೆ ಅಕ್ಕಾ, ಸುಮ್ಕಿರು' ಅಂದ."

"ನಾನು ಬದುಕಿದ್ದೀನಿ ಅಂತ ಅವಳಿಗೆ ಹೇಳಿರಲಿಲ್ವಾ?" ಎಂದು ಕೇಳಿದೆ.

"ನನಗೇ ಈಗ ಗೊತ್ತಾಗ್ತಿರೋದು" ಎಂದ. "ಆಮ್ಯಾಕೆ ಊಟ ಬಿಟ್ಲು. ಎಷ್ಟು ದಿನ ಬದುಕ್ತಾರೆ?"

ಇಷ್ಟೇ ಅಲ್ಲ. ಉಪ್ಪಿನ ನೇಶಾ ಈಗ ರೋಮನರ ಸ್ನೇಹಿತ. ನನ್ನ ಕಲ್ಲನ್ನು ಈ ಶಿಬಿರದ ದಳನಾಯಕನಿಗೆ ತೋರಿಸಿದ್ದಾನೆ, ಇವನು ನಮ್ಮ ಕೋಟೆಯವನಲ್ಲ. ದಳನಾಯಕ ನನ್ನನ್ನು ಕರೆಸಿ, "ಮೂವರು ನಾಯಕರನ್ನ ಕೊಂದು ಸತ್ತವನು ನನ್ನ ಹೇಸರಗತ್ತೆ ಹೊಡೀತಿದಾನಲ್ಲಯ್ಯ!" ಎಂದ. ನಗಲಿಲ್ಲ. ಹೋದ ವರ್ಷ ದಾನೂಬಿನ ಕೋಟೆಗಳಲ್ಲಿ ಸತ್ತ ನಾಯಕರ ಲೆಕ್ಕ ಅವನಿಗೆ ಸರಿಹೊಂದುತ್ತಿಲ್ಲವಂತೆ. ಕಲ್ಲಿನ ಮಾತು ನಿಜವಾದರೆ ನಾಡಿದ್ದು ನನ್ನ ತಲೆ ಹೋಗುತ್ತದೆ. ನಿಮಗೆ ಎರಡು ದಿನ ಅವಕಾಶ ಕೊಟ್ಟಿದ್ದಾನೆ.

ಬನ್ನಿ. ಬಂದು ಅವನ ಮುಂದೆ 'ಕಲ್ಲಿನ ಮಾತು ಸುಳ್ಳು, ಹೇಳಿದವನು ನಾನು' ಎನ್ನಿ. ಅಮ್ಮನ ವಿಷಯವನ್ನು ಆಮೇಲೆ ನೋಡೋಣ. ನಿಮ್ಮ ಓಲೆಗಳೆಲ್ಲ ನನ್ನ ಹತ್ತಿರ ಭದ್ರವಾಗಿವೆ.

ಒಗೈಲು


ತದ್ಮೋರ್
ಏಲೂಲ್ ತಿಂಗಳ ೨, ವರ್ಷ ೫೮೩

ಅಳಿಯಪ್ಪಾ,

ಹೋಗಿದ್ದೆ. ನೀನು ಕತ್ತೆಗೆ ನೀರು ಕುಡಿಸಲು ಹೋಗಿದ್ದೆಯಂತೆ, ಭೇಟಿಯಾಗಲಿಲ್ಲ. ದಳನಾಯಕನ ಮುಖ ಒಳ್ಳೆಯ ಮುಖವಲ್ಲ. ಸುಳ್ಳು ಹೇಳಿದವನು ಯಾರು ಎಂದು ಕೇಳುವಾಗ ಅವನ ಕೈ ಕತ್ತಿಯ ಮೇಲಿತ್ತು. ನನ್ನ ನಾಲಿಗೆ ನಿನಗೆ ಗೊತ್ತಲ್ಲ, ಅದು ತಾನಾಗಿಯೇ ನಡೆಯುತ್ತದೆ. "ಹುಡುಗನೇ ಬರೆದಿದ್ದ ಸ್ವಾಮಿ. ಮೂವರನ್ನು ಹೊಡ್ದಿದ್ದೀನಿ, ಗಾಯ ಆಗಿದೆ, ಉಳಿಯಲ್ಲ, ಕಲ್ಲು ಹಾಕ್ಸಿ ಅಂತ. ನಾನು ಅಕ್ಷರ ಬಾರದ ಹಳ್ಳಿಯವ್ನು, ಯಾರೋ ಓದಿ ಹೇಳಿದ್ರು, ನಂಬ್ದೆ" ಎಂದುಬಿಟ್ಟೆ. ಬೇಲ್ ದೇವರ ಮೇಲೆ ಆಣೆಯನ್ನೂ ಹಾಕಿದೆ.

ಸಿಟ್ಟಾಗಬೇಡ. ನೀನು ಬಿಲ್ಲುಗಾರ, ಅವರಿಗೆ ಬಿಲ್ಲುಗಾರರು ಬೇಕು. ಹೆಚ್ಚೆಂದರೆ ಹೆಬ್ಬೆರಳು ಕತ್ತರಿಸಿ ಬಿಡುತ್ತಾರೆ. ನನ್ನಂಥ ಮುದುಕನನ್ನು ಇಟ್ಟುಕೊಂಡು ಅವರೇನು ಮಾಡುತ್ತಾರೆ? ಒಮ್ಮೆ ಸತ್ತ ಅಭ್ಯಾಸ ನಿನಗಿದೆ, ನನಗಿಲ್ಲ.

ಅಕ್ಕನಿಗೆ ನಲವತ್ತು ದಿನ ಕಳೆದ ಮೇಲೆ ಹೇಳಬೇಕೆಂದೇ ಇದ್ದೆ. ಹೇಳಿದ್ದರೆ ಊಟೆಗೆ ನೀರಿಗೆ ಹೋದವಳು ಊರಿಗೆಲ್ಲ ಹೇಳಿಬರುತ್ತಿದ್ದಳು. ಅವಳು ಅಳುತ್ತಿರುವವರೆಗೆ ಮನೆ ಉಳಿಯುತ್ತಿತ್ತು. ಆಮೇಲೆ ಔತಣಗಳು ಬಂದವು. ಇವತ್ತು ನಾಳೆ ಎನ್ನುವುದರಲ್ಲಿ ತಡವಾಯಿತು.

ಓಲೆಗಳನ್ನು ಈಗಲೇ ಸುಡು.

ಬೋಲ್ಹಾ


ರೋಮನ್ ಶಿಬಿರ, ಕಾವಲು ಡೇರೆ
ಏಲೂಲ್ ತಿಂಗಳ ೪, ವರ್ಷ ೫೮೩

ನನ್ನಪ್ಪಾ, ನನ್ನ ಕಂದಾ ಒಗೈಲು,

ಇಲ್ಲಿಗೂ ನಿನ್ನ ಡೇರೆಗೂ ಇಪ್ಪತ್ತು ಹೆಜ್ಜೆ. ನೀನು ಕತ್ತೆಗಳನ್ನು ಗದರುವುದು ನನಗೆ ಕೇಳಿಸುತ್ತಿದೆ. ಒಂದು ಸಲ ಈ ಕಡೆ ಬಾ.

ದಳನಾಯಕ ನನ್ನ ಓಲೆಗಳನ್ನು ನನ್ನೆದುರಿಗೇ ಓದಿಸಿದ. ಅಕ್ಷರ ಬಾರದವನ ಬರಹ ಎಷ್ಟು ಚೆನ್ನಾಗಿದೆ ಎಂದ. ಆ ಮೂವತ್ತು ಹುಡುಗರ ಸುದ್ದಿ ಬಂದಾಗ ಅವನು ನಗುವುದನ್ನು ನಿಲ್ಲಿಸಿದ. ಅದೆಲ್ಲ ಜಂಬ ಎಂದು ಅವನಿಗೆ ಹೇಳು, ನಮ್ಮ ಮಾವ ಬಾಯಿಬಡುಕ, ಮೂರು ಜನ ಇದ್ದರೆ ಮೂವತ್ತು ಎನ್ನುತ್ತಾನೆ ಎಂದು ಹೇಳು. ನಿಜವೂ ಅದೇ ಅಲ್ಲವೇ? ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಒಂಟೆ ಸಂತೆ ತೋರಿಸಿದವನು ನಾನು.

ಬಾಯಾರಿಕೆ. ನೀರು ಕೇಳಿದರೆ ಕೊಡುವುದಿಲ್ಲ.

ಮಾವ


ರೋಮನ್ ಶಿಬಿರ
ಏಲೂಲ್ ತಿಂಗಳ ೫, ವರ್ಷ ೫೮೩

ಮಾವನವರಿಗೆ ಒಗೈಲುವಿನ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ. ಅಲ್ಲಿ ನೀವು ನಾಳೆ ಬೆಳಿಗ್ಗೆ ತೀರಿಕೊಳ್ಳಲಿದ್ದೀರಿ.

ಓಲೆಗಳನ್ನು ನಾನು ಮೊದಲ ದಿನವೇ ಕೊಡಬಹುದಿತ್ತು. ಕೊಡಲಿಲ್ಲ. ನೀವು ಬರುತ್ತೀರಿ ಎಂದು ಎರಡು ದಿನ ಕಾದೆ. ನೀವು ಬಂದಿರಿ ಕೂಡ.

ದಳನಾಯಕ ಇಂದು ನನ್ನನ್ನು ಗೋಪುರಕ್ಕೆ ಕರೆದುಕೊಂಡು ಹೋಗಿ ಕಲ್ಲಿನ ಪಕ್ಕದಲ್ಲಿ ನಿಲ್ಲಿಸಿ ನೋಡಿದ. "ಇದು ನಿನ್ನ ಮುಖ ಅಲ್ಲ. ಇದು ಆ ಮುದುಕನ ಮುಖ" ಎಂದ. ಆಮೇಲೆ, "ನೀನು ಯಾರನ್ನೂ ಕೊಂದಿಲ್ಲ, ಒಪ್ಪಿದೆ. ಅವನು ಕಳಿಸಿದ ಮೂವತ್ತು ಬಿಲ್ಲುಗಳು ನನ್ನವರಲ್ಲಿ ಎಷ್ಟು ಜನರನ್ನ ಕೊಂದವೋ. ಆದರೂ ಮುದುಕ, ನಿನ್ನ ಸೋದರಮಾವ. ನೀನು ಒಂದು ಮಾತು ಕೇಳಿಕೊಂಡರೆ ಚಾವಟಿ ಏಟಿಗೆ ಮುಗಿಸ್ತೀನಿ. ಏನಂತೀಯ?" ಎಂದು ಕೇಳಿದ.

ನಾನು ಅಮ್ಮನ ಕಲ್ಲನ್ನು ನೋಡುತ್ತಿದ್ದೆ. ತೈಮಾ ಅವಳ ಮುಖವನ್ನು ಚೆನ್ನಾಗಿ ಕೆತ್ತಿದ್ದಾನೆ. ಮೂಗು ಅವಳದೇ.

"ನನಗೆ ಸೋದರಮಾವ ಇಲ್ಲ ಸ್ವಾಮಿ" ಎಂದೆ.

ನನ್ನ ಗೂಡನ್ನು ಬಿಚ್ಚಿಸಿ ಹಳೆಯ ಚಪ್ಪಲಿಯನ್ನು ತೆಗೆದುಕೊಂಡೆ. ಒಂದರ ಪಟ್ಟಿ ಕಿತ್ತುಹೋಗಿದೆ, ನಡೆಯಲು ಬರುತ್ತದೆ. ಗೂಡು ಈಗ ಖಾಲಿ. ಅಮ್ಮನ ಪಕ್ಕದಲ್ಲಿ ನಿಮ್ಮನ್ನು ಮಲಗಿಸಲಾರೆ, ಅದಕ್ಕೆ ಅವಳನ್ನು ಮೇಲಿನಂತಸ್ತಿಗೆ ಒಯ್ದೆವು. ಅಲ್ಲಿ ಕಿಟಕಿಯಿಂದ ಗಾಳಿ ಬರುತ್ತದೆ, ದಾನೂಬಿನ ದಾರಿಯೂ ಕಾಣುತ್ತದೆ.

ತೈಮಾ ಉಳಿ ಹಿಡಿದುಕೊಂಡು ನಿಮ್ಮ ಕಲ್ಲಿನ ಮುಂದೆ ಕೂತಿದ್ದಾನೆ. "ಮುಖ ತಿದ್ದಬೇಕೇನಪ್ಪಾ?" ಎಂದು ಕೇಳಿದ. ಮುಟ್ಟಬೇಡ, ಮೂಗು ಸರಿಯಾಗಿಯೇ ಇದೆ ಎಂದೆ. ಹೆಸರನ್ನು ಬದಲಾಯಿಸಲು ಹೇಳಿದ್ದೇನೆ.

ಕೊನೆಯ 'ಅಯ್ಯೋ' ಎಂಬುದನ್ನು ಉಜ್ಜಿ ತೆಗೆಯಲು ಹೇಳಿದ್ದೇನೆ.

ಒಗೈಲು